ತಳಿಪ್ಪರಂಬಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಈ ಕಾಗದವನ್ನು ನಿನ್ನ ಬ್ಯಾಗಿನಲ್ಲಿ ಬಟ್ಟೆಗಳ ಅಡಿಗೆ ಇಡುತ್ತಿದ್ದೇನೆ. ಹಾಸ್ಟೆಲಿಗೆ ಮುಟ್ಟಿದ ಮೇಲೆ ನೀನು ನೋಡಿದರೆ ಸಾಕು. ನಿನ್ನೆ ರಾತ್ರಿ ನೀನು ಉಣ್ಣದೆ ಮಲಗಿದೆ. ನಾನೂ ಉಣ್ಣಲಿಲ್ಲ. 

"ಪುಕ್ಕಟೆ ಹೊಲಿಗೆ ಕಲಿಸುತ್ತಾರೆ, ಪುಕ್ಕಟೆ ಊಟ ಹಾಕುತ್ತಾರೆ ಅಂದರೆ ನಂಬಬೇಡ, ಯಾರೂ ಸುಮ್ನೆ ಕೊಡುವುದಿಲ್ಲ" ಎಂದು ನಾನು ಜೋರು ಮಾಡಿದೆ. ನೀನು ಒಂದೇ ಮಾತು ಕೇಳಿದೆ: "ದುಡ್ಡು ಕೊಟ್ಟು ಕಲಿತದ್ದು ಎಂತ ಆಯಿತಮ್ಮಾ?"

ಆ ದುಡ್ಡು ಕೊಟ್ಟು ಸೇರಿದ ಹೊಲಿಗೆ ಕ್ಲಾಸಿನ ಮುಚ್ಚಿದ ಶಟರ್ ಇನ್ನೂ ನನ್ನ ಕಣ್ಣ ಮುಂದೆ ಉಂಟು. ಜೋರು ಮಳೆ. ನೀನು ಕೊಡೆ ಮಡಚಿ ಬೀಗ ಎಳೆದು ನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಎಳೆದೆ. ಕೆಳಗೆ ಯಾರೋ ತೂರಿಸಿದ ಕರೆಂಟ್ ಬಿಲ್ಲು ನೆನೆದು ನೆಲಕ್ಕೆ ಅಂಟಿತ್ತು. ನಿನ್ನ ಕೈಯಲ್ಲಿ ಪೇಪರ್ ಕಟಿಂಗಿನ ಫೈಲು. ಮೂರು ತಿಂಗಳು ಹಳೆ ಪೇಪರು ಕತ್ತರಿಸಲು ಹೇಳಿಕೊಟ್ಟದ್ದು ಬಿಟ್ಟರೆ ಅವರು ನಿನಗೆ ಒಂದು ಗೇಣು ಬಟ್ಟೆ ಮುಟ್ಟಿಸಿರಲಿಲ್ಲ. ಫ್ರಾಕು, ರವಕೆ, ಲಂಗ, ಎಲ್ಲ ಪೇಪರಿನಲ್ಲೇ. ಪಕ್ಕದ ಅಂಗಡಿಯವರು, "ಅವರು ಖಾಲಿ ಮಾಡಿ ಒಂದು ವಾರ ಆಯಿತು" ಎಂದರು. ನಾನು ಅವರೆಲ್ಲರ ಎದುರು ನಿನಗೆ, "ನಿನ್ನ ಹಣೆಬರಹವೇ ಇಷ್ಟು" ಎಂದೆ. ನೀನು ಅಳಲಿಲ್ಲ. ಫೈಲು ನೆನೆಯಬಾರದೆಂದು ಅದನ್ನು ಶಾಲಿನ ಒಳಗೆ ಇಟ್ಟುಕೊಂಡೆ. ಬಸ್ಸಿನಲ್ಲಿ ಪೆರ್ಲದ ತನಕ ಹಾಗೆಯೇ ಹಿಡಿದುಕೊಂಡಿದ್ದೆ.

ಮಗಾ, ಆ ದಿನ ನಿನಗೆ ಹೇಳದ ಒಂದು ವಿಷಯ ಉಂಟು. ಸೇರುವಾಗ ಅವರು ಕೊಟ್ಟ ಫಾರಂ ಮಲೆಯಾಳದಲ್ಲಿತ್ತು. ಫೀಸು ಹಿಂದೆ ಕೊಡುವುದಿಲ್ಲ ಎಂದು ಅದರಲ್ಲಿ ಬರೆದಿತ್ತಂತೆ. ನೀನು ಹೊರಗೆ ನಿಂತಿದ್ದೆ. ಓದಲು ಬರುವುದಿಲ್ಲ ಎಂದು ಹೇಳಲು ನಾಚಿಕೆಯಾಗಿ ನಾನೇ ಸಹಿ ಹಾಕಿದೆ. ತಪ್ಪು ನನ್ನದು, ಬೈಗುಳ ತಿಂದವಳು ನೀನು. ಬೆಂಡೋಲೆ ಅಡವಿಟ್ಟು ತಂದ 9,000 ರೂಪಾಯಿ ಅದು. ಬಿಡಿಸಿಕೊಳ್ಳಲು ಒಂದೂವರೆ ವರ್ಷ ಬೀಡಿ ಕಟ್ಟಿದೆ. 25 ಬೀಡಿಗೆ ಒಂದು ಕಟ್ಟು. ಒಂದೊಂದು ಕಟ್ಟಿಗೂ ನೂಲು ಸುತ್ತುವಾಗ ಆ ಬೀಗ ನೆನಪಾಗುತ್ತಿತ್ತು, ನೀನು ಎರಡನೆಯ ಸಲ ಎಳೆದದ್ದು ನೆನಪಾಗುತ್ತಿತ್ತು.

ಈ ಸಲ ನಿನಗೆ ತಿಳಿಸದೆ ಹೆಂಗಸರ ಸಂಘ ಕುಟುಂಬಶ್ರೀಯವರ ಹತ್ತಿರ ಎಲ್ಲ ವಿಚಾರಿಸಿದೆ. ನೀನು ಸೇರುವ ರುಡ್‌ಸೆಟ್, ಅಂದರೆ ಹಳ್ಳಿಯವರಿಗೆ ಕಸುಬು ಕಲಿಸುವ ಸಂಸ್ಥೆ, ಶುರುವಾದದ್ದು 1982ರಲ್ಲಿ, ಉಜಿರೆಯಲ್ಲಿ. ಧರ್ಮಸ್ಥಳದ ಹೆಗ್ಗಡೆಯವರ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಮಾಡಿದ್ದು. ಅದನ್ನು ನೋಡಿಯೇ ಸರಕಾರ ಜಿಲ್ಲೆ ಜಿಲ್ಲೆಗಳಲ್ಲಿ ಇಂಥ ಕೇಂದ್ರ ಮಾಡಿಸಿತಂತೆ. ಕಲಿಯಲಿಕ್ಕೆ, ಊಟಕ್ಕೆ, ಉಳಿಯಲಿಕ್ಕೆ ದುಡ್ಡಿಲ್ಲ. ಕಲಿತು ಬಂದ ಮೇಲೂ ಎರಡು ವರ್ಷ ವಿಚಾರಿಸುತ್ತಾ ಇರುತ್ತಾರಂತೆ, ಕೆಲಸ ಶುರು ಮಾಡಿದೆಯಾ, ಸಾಲ ಸಿಕ್ಕಿತಾ ಅಂತ. "ಬ್ಯಾಂಕಿನವರಿಗೆ ಇದರಿಂದ ಎಂತ ಲಾಭ?" ಎಂದು ಕೇಳಿದೆ. "ಕಸುಬು ಗೊತ್ತಿದ್ದವರಿಗೆ ಕೊಟ್ಟ ಸಾಲ ಹಿಂದೆ ಬರುತ್ತದೆ, ಅದೇ ಲಾಭ" ಎಂದರು. ಆಗ ನನಗೆ ಸ್ವಲ್ಪ ಸಮಾಧಾನವಾಯಿತು. ಲೆಕ್ಕ ಇಟ್ಟು ಮಾಡುವ ಧರ್ಮದ ಮೇಲೆ ನನಗೆ ನಂಬಿಕೆ ಜಾಸ್ತಿ.

ಆದರೂ ಹೆದರಿಕೆ ಹೋಗಲಿಲ್ಲ. ಉಜಿರೆಯಾದರೆ ಕನ್ನಡ. ನೀನು ಹೋಗುವ ತಳಿಪ್ಪರಂಬ ಕಣ್ಣೂರು ಕಡೆ, ಅಲ್ಲಿ ಮಲೆಯಾಳ. ಚಂದ್ರಗಿರಿ ಹೊಳೆ ದಾಟಿದರೆ ಬೇರೆ ಸೀಮೆ ಎಂದು ಅಜ್ಜಿ ಹೇಳುತ್ತಿದ್ದರು. ಒಂದರಿಂದ ಹತ್ತರ ತನಕ ಕನ್ನಡದಲ್ಲಿ ಓದಿದವಳು ನೀನು, ಕ್ಲಾಸಿನಲ್ಲಿ ಬಾಯಿ ಕಟ್ಟಿ ಕೂರಬೇಡ. ಬೀಡಿ ಬ್ರಾಂಚಿನಲ್ಲಿ ಒಬ್ಬಳ ಹತ್ತಿರ ಮಲೆಯಾಳದ ಒಂದೆರಡು ಮಾತು ಕೇಳಿಕೊಂಡು ಬಂದಿದ್ದೇನೆ. ಅಳತೆಗೆ ಅಳವ್, ಕುತ್ತಿಗೆಗೆ ಕಳುತ್ತ್. ನೂಲಿಗೆ ಅವರಲ್ಲೂ ನೂಲೇ. ಗೊತ್ತಾಗದಿದ್ದರೆ ಎರಡು ಸಲ ಕೇಳು, ಮೂರು ಸಲ ಕೇಳು. ನಾನು ಕೇಳದೆ ಕೆಟ್ಟೆ.

ಇನ್ನೊಂದು. ಸಣ್ಣ ಕಸುಬಿಗೆ ಬ್ಯಾಂಕು ಕೊಡುವ ಮುದ್ರಾ ಸಾಲದಲ್ಲಿ 50,000 ರೂಪಾಯಿಯ ತನಕ ಶಿಶು ಅಂತ ಉಂಟು, ಜಾಮೀನು ಬೇಡ. ಜಾಮೀನು ಬೇಡ ಎಂದ ಕೂಡಲೇ ಪೂರ್ತಿ ತೆಗೆಯಬೇಡ. ಮೊದಲು ಒಂದು ಮೆಷಿನ್. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಆಮೇಲೆ ನೋಡುವ. ನೆಂಟರಿಗೆ ಸಾಲ ಹೇಳಿ ಹೊಲಿಯಬೇಡ, ಮತ್ತೆ ಕೇಳಲು ನಿನಗೆ ಬಾಯಿ ಬರುವುದಿಲ್ಲ. ಯಾವ ಕಾಗದಕ್ಕೂ ಓದದೆ ಸಹಿ ಹಾಕಬೇಡ. ರಾತ್ರಿ ಒಬ್ಬಳೇ ಹೊರಗೆ ಹೋಗಬೇಡ. ಬೇಡ ಬೇಡ ಎಂದೇ ಬರೆಯುತ್ತಿದ್ದೇನೆ ಅಲ್ವಾ? ಹೆಮ್ಮೆಯೂ ಉಂಟು ಮಗಳೇ. ಒಮ್ಮೆ ಮೋಸ ಹೋದ ಮೇಲೂ ಮತ್ತೆ ಕಲಿಯುತ್ತೇನೆ ಎಂದು ಅರ್ಜಿ ಹಾಕಿದೆಯಲ್ಲ, ಅಷ್ಟು ಧೈರ್ಯ ನನಗೆ ಇರಲಿಲ್ಲ.

ಬ್ಯಾಗಿನಲ್ಲಿ ಒಂದು ನೀಲಿ ರವಕೆ ಕಣ ಇಟ್ಟಿದ್ದೇನೆ. ಪೆಟ್ಟಿಗೆಯಲ್ಲಿ ಬಹಳ ವರ್ಷದಿಂದ ಇತ್ತು. ಅಳತೆಗೆ ನನ್ನ ಹಳೆ ರವಕೆಯೂ ಉಂಟು, ಕಂಕುಳಲ್ಲಿ ಸ್ವಲ್ಪ ಬಿಗಿ, ಅರ್ಧ ಇಂಚು ಜಾಸ್ತಿ ಬಿಡು. ಪೇಪರಿನಲ್ಲಿ ಮೊದಲು ಮಾಡಿ ನೋಡುವುದು ಬೇಡ. ಬಟ್ಟೆಗೇ ಕತ್ತರಿ ಹಾಕು. ಹಾಳಾದರೆ ಆಗಲಿ.

ನಿನ್ನ
ಅಮ್ಮ