ಮಗಳಿಗೊಂದು ಪತ್ರ: ನೆಲದ ಮೇಲೆ ಕೂತ ವಕೀಲರು

ಪ್ರೀತಿಯ ಪುಟ್ಟಿ,

ನಿಮ್ಮ ಸಂಘದ ಹಿರಿಯರ ಸನ್ಮಾನಕ್ಕೆ ಬಿನ್ನವತ್ತಳೆ ಬರೆಯೋ ಕೆಲಸ ನಿನ್ನ ತಲೆಗೆ ಕಟ್ಟಿದ್ದಾರಲ್ಲ, ನೀನು ಕಳಿಸಿದ ಕರಡು ಓದಿದೆ. ‘ನಿಸ್ವಾರ್ಥ ಸೇವೆ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಹೆಸರು ಬದಲಾಯಿಸಿದರೆ ಇದನ್ನ ಯಾರ ಸನ್ಮಾನದಲ್ಲಿ ಬೇಕಾದರೂ ಓದಬಹುದು, ಅಲ್ವಾ? ಆ ಮನುಷ್ಯ ಏನು ಮಾಡಿದ್ದಾರೆ, ಅದನ್ನ ಬರಿ.

ಹೇಗೂ ಕೊಚ್ಚಿಯಲ್ಲಿದ್ದೀಯ. ಅಲ್ಲಿನ ಯೆಹೂದಿಗಳಲ್ಲಿ ಅಬ್ರಹಾಂ ಬರಾಕ್ ಸೇಲಂ ಅಂತ ಒಬ್ಬರಿದ್ದರು. 1882ರಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಓದಿ ಬಂದು ಎರ್ನಾಕುಲಂನಲ್ಲಿ ವಕೀಲಿ ಮಾಡಿದರು. ಕೊಚ್ಚಿ ಯೆಹೂದಿಗಳಲ್ಲಿ ಕರಿಕೋಟು ಹಾಕಿದ ಮೊದಲಿಗರು ಅವರೇ. ಕೊಚ್ಚಿ ಸಂಸ್ಥಾನದ ಶಾಸನಸಭೆಯಲ್ಲಿದ್ದರು, 1929ರ ಲಾಹೋರ್ ಕಾಂಗ್ರೆಸ್ಸಿಗೂ ಹೋಗಿದ್ದರು.

ಇಂಥವರು ಮಟ್ಟಾಂಚೇರಿಯ ಪರದೇಸಿ ಸಿನಗಾಗ್‌ಗೆ, ಅಂದರೆ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಪ್ರಾರ್ಥನೆಗೆ ಹೋದರೆ ಬೆಂಚಿನ ಮೇಲೆ ಕೂರುವ ಹಾಗಿರಲಿಲ್ಲ! ಅವರ ಹಿರಿಯರು ಬಿಡುಗಡೆಯಾದ ಗುಲಾಮರು ಅನ್ನುವುದೇ ಕಾರಣ. ಆ ಪಂಗಡದವರೆಲ್ಲ ಹಿಂದೆ, ನೆಲದ ಮೇಲೆ ಕೂರಬೇಕು. ಹೊರದೇಶಗಳಿಂದ ಬಂದ ಮನೆತನಗಳ ‘ಬಿಳಿ ಯೆಹೂದಿ’ಗಳ ಜೊತೆ ಹೆಣ್ಣು ಕೊಡುವುದು, ತರುವುದು ಇಲ್ಲವೇ ಇಲ್ಲ. ಪಂಕ್ತಿಭೇದ ಬರೀ ನಮ್ಮ ಮಠ, ದೇವಸ್ಥಾನಗಳ ಸ್ವತ್ತಲ್ಲ ನೋಡು.

ಸೇಲಂ ಕೆಲಕಾಲ ಆ ಸಿನಗಾಗ್‌ಗೆ ಹೋಗುವುದನ್ನೇ ಬಿಟ್ಟರು. ಗಾಂಧೀಜಿಯ ಸತ್ಯಾಗ್ರಹವನ್ನು ತಮ್ಮವರ ಎದುರಿಗೇ ಹೂಡಿದರು. ‘ಯೆಹೂದಿ ಗಾಂಧಿ’ ಅನ್ನುವ ಹೆಸರು ಬಂದದ್ದು ಅದರಿಂದಲೇ. ವಕೀಲರಿಗೆ ಕೋರ್ಟಿನಲ್ಲಿ ವಾದ ಮಾಡುವುದೇನು ದೊಡ್ಡದಲ್ಲ. ಬೆಳಗಾದರೆ ಮುಖ ನೋಡಬೇಕಾದ ಅಕ್ಕಪಕ್ಕದವರ ಜೊತೆ ವರ್ಷಗಟ್ಟಲೆ ಜಗಳ ಕಾಯುವುದಿದೆಯಲ್ಲ, ಅದು ಕಷ್ಟ. ಕಟ್ಟಳೆಗಳು ಸಡಿಲವಾಗುತ್ತಾ ಬಂದವು. 1950ರಲ್ಲಿ ಅವರ ಮಗನೇ ಬಿಳಿ ಯೆಹೂದಿ ಮನೆತನದ ಹುಡುಗಿಯನ್ನು ಮದುವೆಯಾದ. ಎರಡು ಪಂಗಡಗಳ ನಡುವೆ ಅಂಥ ಮದುವೆ ಅದೇ ಮೊದಲು.

ನನಗೆ ಜಾಸ್ತಿ ಹಿಡಿಸಿದ್ದು ಇದರ ಮುಂದಿನದು. ಇಸ್ರೇಲ್ ದೇಶ ಹುಟ್ಟಿದ ಮೇಲೆ ಕೊಚ್ಚಿ ಯೆಹೂದಿಗಳು ಅಲ್ಲಿಗೆ ಹೊರಟು ನಿಂತರು. ಆದರೆ ಇವರ ಜೊತೆ ಆನೆಕಾಲು ರೋಗವೂ ಬಂದುಬಿಟ್ಟೀತು ಅಂತ ಆ ದೇಶದವರು ಹಿಂದೆಮುಂದೆ ನೋಡಿದರು. ಮನೆಮಠ ಮಾರಿ ಕಾಯುತ್ತಿದ್ದವರೂ ಇದ್ದರು, ಪಾಪ. ಅವರೆಲ್ಲರ ಪರವಾಗಿ ಮಾತಾಡಲು ಓಡಾಡಿದ್ದು ಸೇಲಂ, ಅದೂ ಇಳಿವಯಸ್ಸಿನಲ್ಲಿ. 1955ರ ಹೊತ್ತಿಗೆ ಬಹುಪಾಲು ಜನ ಹೊರಟುಹೋದರು. ಹೋದವರಲ್ಲಿ ಹೆಚ್ಚಿನವರು ಅವರ ಸಿನಗಾಗ್‌ನವರೂ ಅಲ್ಲ, ಬೇರೆ ಸಿನಗಾಗ್‌ಗಳ, ಕೇರಳದಲ್ಲಿ ಮೊದಲಿಂದಲೂ ಇದ್ದ ಮಲಬಾರಿ ಯೆಹೂದಿಗಳು. ಊರಿಗೆ ಊರನ್ನೇ ಕಳಿಸಿಕೊಟ್ಟ ಈ ಪುಣ್ಯಾತ್ಮ ಮಾತ್ರ ಹೋಗಲಿಲ್ಲ. 1967ರಲ್ಲಿ ತೀರಿಕೊಳ್ಳುವವರೆಗೂ ಕೊಚ್ಚಿಯಲ್ಲೇ ಇದ್ದರು.

ಇದರಲ್ಲಿ ‘ಸಾಕಾರಮೂರ್ತಿ’ ಅನ್ನೋ ಪದ ಎಲ್ಲಾದರೂ ಬೇಕಾಯಿತಾ? ನಿಮ್ಮ ಹಿರಿಯರ ಬಗ್ಗೆಯೂ ಅವರ ಮನೆಯವರನ್ನ ಕೇಳು. ಅವರ ಜೊತೆ ಜಗಳ ಆಡಿದವರು ಯಾರಾದರೂ ಇದ್ದರೆ ಅವರನ್ನ ಮೊದಲು ಕೇಳು, ವಿಷಯ ಸಿಗೋದು ಅಲ್ಲೇ.

ಬಿಡುವಾದಾಗ ಮಟ್ಟಾಂಚೇರಿಗೂ ಹೋಗಿ ಬಾ. ಚೀನಾದಿಂದ ತಂದ ನೀಲಿ ಟೈಲ್ಸ್, ಬೆಲ್ಜಿಯಂ ಗಾಜಿನ ದೀಪ ಎಲ್ಲ ಚೆನ್ನಾಗಿವೆ, ಅದನ್ನ ಎಲ್ಲರೂ ನೋಡ್ತಾರೆ. ಬೆಂಚು ಎಲ್ಲಿವೆ, ಹಿಂದಿನ ಜಾಗ ಎಲ್ಲಿದೆ, ಅದನ್ನೂ ನೋಡು. ಶುಕ್ರವಾರ, ಶನಿವಾರ ಬೇಡ, ಸಬ್ಬತ್ ಅಂತ, ಅಂದರೆ ಅವರ ವಾರದ ವಿಶ್ರಾಂತಿ ದಿನ ಅಂತ, ಪ್ರವಾಸಿಗರನ್ನ ಬಿಡಲ್ಲ. ಚಪ್ಪಲಿ ಹೊರಗೇ ಬಿಡಬೇಕು, ಒಳ್ಳೇ ಜೋಡು ಹಾಕ್ಕೊಂಡು ಹೋಗ್ಬೇಡ.

ಇಂತಿ ನಿನ್ನ,
ಅಮ್ಮ