ಟಿಪ್ಪರ್‌ಗಳ ಹಿಂಬದಿ ಫಲಕವನ್ನೂ ಪರಿಶೀಲಿಸಲಿ

ಮಾನ್ಯರೇ,

ಜಲ್ಲಿ, ಎಂ-ಸ್ಯಾಂಡ್ ಸಾಗಿಸುವ ಅನೇಕ ಟಿಪ್ಪರ್‌ಗಳ ಹಿಂಬದಿಯ ನೋಂದಣಿ ಸಂಖ್ಯೆ ಓದಲಾಗದಂತಿದ್ದರೂ ಅವು ಹೆದ್ದಾರಿಗಳಲ್ಲಿ ನಿರಾತಂಕವಾಗಿ ಸಂಚರಿಸುತ್ತಿವೆ. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ ಫಲಕ) ಕಡ್ಡಾಯಗೊಳಿಸಿ, 2023ರ ನವೆಂಬರ್ 17ರ ಮೊದಲ ಗಡುವನ್ನು ಮತ್ತೆ ಮತ್ತೆ ವಿಸ್ತರಿಸಿದ ಸಾರಿಗೆ ಇಲಾಖೆಯ ಗಮನವೆಲ್ಲ ಹಳೆಯ ಸ್ಕೂಟರ್, ಕಾರುಗಳ ಮೇಲೆಯೇ ಇದ್ದಂತಿದೆ. ಹಾಲೊಗ್ರಾಮ್, ಲೇಸರ್ ಸಂಖ್ಯೆ, ಬಿಚ್ಚಲಾಗದ ಲಾಕ್ ಎಲ್ಲವೂ ಸರಿ. ಆದರೆ ಆ ಫಲಕದ ಮೇಲೆ ಬೆರಳುದ್ದ ಕೆಸರು ಮೆತ್ತಿಕೊಂಡಿದ್ದರೆ, ಇಲ್ಲವೇ ಡಾಲಾದ (ಹಿಂಬದಿಯ ಬಾಗಿಲಿನ) ಸರಪಳಿ ಅಂಕಿಗಳಿಗೆ ಅಡ್ಡಲಾಗಿ ಜೋತುಬಿದ್ದಿದ್ದರೆ ಪ್ರಯೋಜನವೇನು?

ಹಿಂಬದಿಯ ಫಲಕದ ಮೇಲೆ ಬಿಳಿ ದೀಪ ಬೆಳಗಿ, ಸಂಖ್ಯೆಯು 15 ಮೀಟರ್ ದೂರದಿಂದ ಓದುವಂತಿರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ರಾತ್ರಿ ವೇಳೆ ಬೈಕ್ ಸವಾರನಿಗೆ ಡಿಕ್ಕಿ ಹೊಡೆದು ಪರಾರಿಯಾಗುವ ಲಾರಿಯನ್ನು ಪತ್ತೆಹಚ್ಚಲು ಸಾಕ್ಷಿಗಳಿಗಾಗಲಿ, ರಸ್ತೆಬದಿಯ ಕ್ಯಾಮೆರಾಕ್ಕಾಗಲಿ ಇರುವ ಮುಖ್ಯ ಆಧಾರ ಆ ಸಂಖ್ಯೆಯೇ. ಸರಕು ವಾಹನಗಳು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್‌ಸಿ (ವಾಹನದ ಸುಸ್ಥಿತಿ ಪ್ರಮಾಣಪತ್ರ) ಪಡೆಯಬೇಕು. ಆ ದಿನ ತೊಳೆದು, ಬಣ್ಣ ಬಳಿದು ತಂದು ನಿಲ್ಲಿಸುವ ವಾಹನ ವಾರದೊಳಗೆ ಯಥಾಸ್ಥಿತಿಗೆ ಮರಳುತ್ತದೆ ಎಂಬುದು ಚಾಲಕರಿಗೂ ಅಧಿಕಾರಿಗಳಿಗೂ ಗೊತ್ತಿರುವ ಸಂಗತಿ.

ಆದ್ದರಿಂದ ಎಫ್‌ಸಿ ವೇಳೆ ಫಲಕದ ದೀಪವನ್ನು ಉರಿಸಿ ನೋಡುವುದರ ಜೊತೆಗೆ, ಕ್ರಷರ್ ಹಾಗೂ ಕ್ವಾರಿಗಳ ಗೇಟಿನಲ್ಲಿಯೇ ಫಲಕ ಒರೆಸದ ವಾಹನಕ್ಕೆ ಲೋಡ್ ನೀಡದಂತೆ ಜಿಲ್ಲಾಡಳಿತಗಳು ಮಾಲೀಕರಿಗೆ ಸೂಚಿಸಬೇಕು.

– ಓದುಗ, ತುಮಕೂರು