ಕಾಲುವೆ ನೀರಿನ ಹುಲ್ಲು, ಕುರಿಯ ಲೆಕ್ಕ

ಮಾನ್ಯ ಸಂಪಾದಕರೇ,

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿ ಭತ್ತಕ್ಕೆ ನೀರು ಸಾಲದ ರೈತರು ಹೊಲದಲ್ಲಿ ಹುಲ್ಲು ಬೆಳೆದು ಕುರಿ ಮೇಯಿಸುವುದೇ ಲಾಭ ಎಂಬ ಮಾತು ಸಿಂಧನೂರು, ಮಾನ್ವಿ ಕಡೆ ಕೇಳಿಬರುತ್ತಿದೆ. ಮಾತಿನಲ್ಲಿ ಹುರುಳಿಲ್ಲದಿಲ್ಲ, ಆದರೆ ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಲಾಗುತ್ತಿದೆ.

30 ಕಿಲೋ ತೂಗುವ ಕೆಂಗುರಿ ದಿನಕ್ಕೆ ತನ್ನ ತೂಕದ ಹತ್ತನೆಯ ಒಂದು ಪಾಲಿನಷ್ಟು ಹಸಿ ಮೇವು ತಿನ್ನುತ್ತದೆಂದರೆ, 40 ಕುರಿಗೆ ತಿಂಗಳಿಗೆ 36 ಕ್ವಿಂಟಲ್ ಬೇಕು. ನೀರಿರುವವರೆಗೆ ಇಷ್ಟನ್ನು ಒಂದೆರಡು ಎಕರೆ ಕೊಟ್ಟೀತು. ಆದರೆ ಕಾಲುವೆ ಬತ್ತುವುದು ಬೇಸಿಗೆಯಲ್ಲಿ, ಮೇವಿಗೆ ಬೆಲೆ ಬರುವುದೂ ಆಗಲೇ. ಬದುವಿನ ಹುಲ್ಲು ಪುಕ್ಕಟೆ ಸಿಗುವ ಮಳೆಗಾಲದಲ್ಲಿ ನೀರುಣಿಸಿ ಬೆಳೆದ ಹುಲ್ಲಿಗೆ ಏನು ಬೆಲೆ? ಇನ್ನೊಂದು ಕಡೆ, ಸುಗ್ಗಿ ಮುಗಿದ ಮೇಲೆ ಕುಷ್ಟಗಿ, ಲಿಂಗಸುಗೂರು ಕಡೆಯಿಂದ ಬರುವ ಕುರಿಗಾಹಿಗಳ ಹಿಂಡು ನಮ್ಮ ಕೂಳೆ ಮೇಯ್ದು, ರಾತ್ರಿ ಹೊಲದಲ್ಲಿ ತಂಗುತ್ತದೆ, ಗೊಬ್ಬರಕ್ಕಾಗಿ ನಾವೇ ಅವರಿಗೆ ಕಾಳೋ ಹಣವೋ ಕೊಡುತ್ತೇವೆ. ಭತ್ತದ ಹೊಲದ ಗುತ್ತಿಗೆ ದರದಲ್ಲಿ ನೆಲ ಹಿಡಿದು, ತಂತಿಬೇಲಿ ಹಾಕಿ, ಆಳಿಗೆ ಕೂಲಿ ಕೊಟ್ಟು ಸಾಕಿದ ಮರಿಗೆ ಸಂತೆಯಲ್ಲಿ ಆ ಹಿಂಡಿನ ಮರಿಗಿಂತ ಒಂದು ರೂಪಾಯಿಯೂ ಹೆಚ್ಚು ಸಿಗದು.

ರೋಗದ ಖರ್ಚನ್ನಂತೂ ಯಾರೂ ಹೇಳುವುದಿಲ್ಲ. ಜೌಗು ನೆಲದ ಬಸವನಹುಳುವಿನಿಂದ ಪಿತ್ತಜನಕಾಂಗದ (ಲಿವರ್) ಜಂತು ಹುಲ್ಲಿಗೆ ಅಂಟುತ್ತದೆ; ಹಸಿದ ಹಿಂಡನ್ನು ಎಳೆ ಹುಲ್ಲಿಗೆ ಒಮ್ಮೆಲೇ ಬಿಟ್ಟರೆ ಕರುಳುಬೇನೆಯಿಂದ ಕೊಬ್ಬಿದ ಮರಿಗಳೇ ಮೊದಲು ಸಾಯುತ್ತವೆ. ಹೊಲವನ್ನು ಮಡಿಗಳಾಗಿ ಒಡೆದು ಸರದಿಯಲ್ಲಿ ಮೇಯಿಸುವುದು, ಲಸಿಕೆ, ಜಂತಿನ ಔಷಧಿ ಇವೆಲ್ಲ ಸೇರಿದರೇ ಲೆಕ್ಕ ಪೂರ್ತಿ.

ಹಾಗಾದರೆ ಲಾಭ ಎಲ್ಲಿದೆ? ನನ್ನ ದೃಷ್ಟಿಯಲ್ಲಿ, ಅತಿಯಾಗಿ ನೀರುಂಡು ಸವಳು ಹಿಡಿದು ಭತ್ತವೂ ಏಳದಂತಾದ ಹೊಲಗಳಲ್ಲಿ. ಅಂಥ ನೆಲಕ್ಕೆ ಗುತ್ತಿಗೆ ಕೇಳುವವರೇ ಇಲ್ಲ; ಪ್ಯಾರಾ ಹುಲ್ಲು, ರೋಡ್ಸ್ ಹುಲ್ಲು ಸವಳನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತವೆ. ಇಡೀ ಹಿಂಡನ್ನಲ್ಲದೆ, ಗಬ್ಬದ ಮತ್ತು ಮರಿಗೆ ಹಾಲೂಡಿಸುವ ಕುರಿಗಳನ್ನು ಮಾತ್ರ ಅಲ್ಲಿ ಮೇಯಿಸಿ, ಉಳಿದ ಹುಲ್ಲನ್ನು ಒಣಗಿಸಿಟ್ಟರೆ ಬೇಸಿಗೆಗೆ ಕೊಳ್ಳುವ ಮೇವು ತಪ್ಪುತ್ತದೆ.

ಮೂಲದಲ್ಲಿ ಸುಮಾರು 133 ಟಿಎಂಸಿ ಇದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ 105 ಟಿಎಂಸಿ ಆಸುಪಾಸಿಗೆ ಇಳಿದಿರುವಾಗ, ಎರಡನೇ ಬೆಳೆಗೆ ನೀರಿಲ್ಲವೆಂದು ತೀರ್ಮಾನವಾಗುವ ವರ್ಷಗಳು ಮತ್ತೆ ಬರುತ್ತವೆ. ಅಂಥ ವರ್ಷ ಕುಡಿಯುವ ನೀರಿಗೆಂದು ಕಾಲುವೆಗೆ ಬಿಡುವ ನೀರಿನಲ್ಲೇ ಕೆಳಭಾಗದ ಮೇವಿನ ಹೊಲಗಳಿಗೆ ಒಂದು ತೇವ ಕೊಡಲು ಸಾಧ್ಯವೇ ಎಂಬುದನ್ನು ನೀರಾವರಿ ಸಲಹಾ ಸಮಿತಿಯು ಭತ್ತದ ಚರ್ಚೆಗೆ ಮೊದಲೇ ಪರಿಶೀಲಿಸಬೇಕೆಂದು ವಿನಂತಿ.

— ಕೆಳಭಾಗದ ಒಬ್ಬ ರೈತ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ